ಕೊನೆಯ ಡೈವ್‌ನಿಂದ ಹಿಂದಕ್ಕೆ

ಸಿಲಿಂಡರ್ ಬೆನ್ನಿಗೇರಿಸಿ ಸಮುದ್ರದೊಳಗೆ ಡೈವ್ ಮಾಡಲು ರಾಜಾ ಅಂಪಾಟ್‌ಗೆ ಹೋಗಬೇಕೆಂದು ನಾವು ಮೂವರು ತೀರ್ಮಾನಿಸಿ ಬಹಳ ಕಾಲವಾಗಿತ್ತು. ತೀರ್ಮಾನವಾಗಿತ್ತೇ ಹೊರತು ತಾರೀಖು ಗೊತ್ತಾಗಿರಲಿಲ್ಲ. ನೀರಿನೊಳಗೆ ಫೋಟೊ ತೆಗೆಯುವ ಗೆಳೆಯ ಆಗಾಗ ಯಾವುದಾದರೂ ಮೀನಿನ ಚಿತ್ರ ಕಳಿಸುತ್ತಿದ್ದ, ವೈದ್ಯೆಯಾದ ಗೆಳತಿ ಹೂಂಗುಟ್ಟುತ್ತಿದ್ದಳು, ನಾನು ವಿಮಾನದ ದರ ನೋಡಿ ಸುಮ್ಮನಾಗುತ್ತಿದ್ದೆ. ಕಡೆಗೆ ಒಂದು ಭಾನುವಾರವನ್ನು ಇದಕ್ಕೆಂದೇ ಎತ್ತಿಟ್ಟೆವು.

ಜಾಗ ಇರುವುದು ಇಂಡೊನೇಷ್ಯಾದ ಪೂರ್ವದ ಅಂಚಿನಲ್ಲಿ, ನ್ಯೂಗಿನಿ ದ್ವೀಪದ ಪಶ್ಚಿಮ ತುದಿಯ ಆಚೆ. ವೈಗೆಯೊ, ಬಟಾಂಟ, ಸಲಾವಟಿ, ಮಿಸೂಲ್ ಎಂಬ ನಾಲ್ಕು ದೊಡ್ಡ ದ್ವೀಪಗಳು, ಅವುಗಳ ಸುತ್ತ ಸಾವಿರಕ್ಕೂ ಮಿಕ್ಕಿದ ಪುಟ್ಟ ದ್ವೀಪಗಳು. ಇಲ್ಲಿನ ಕೇಪ್ ಕ್ರಿ ಎಂಬಲ್ಲಿ ಮೀನು ತಜ್ಞ ಜೆರಾಲ್ಡ್ ಅಲೆನ್ 2012ರಲ್ಲಿ ಒಂದೇ ಡೈವ್‌ನಲ್ಲಿ 374 ಜಾತಿಯ ಮೀನುಗಳನ್ನು ಎಣಿಸಿದ್ದರು. ನೀರಿನಿಂದ ಮೇಲೆ ಬಂದ ಮೇಲೆ ಇಪ್ಪತ್ತು ಮೀನುಗಳ ಹೆಸರು ಸರಿಯಾಗಿ ಬರೆಯಲು ತಿಣುಕುವ ನನ್ನಂಥವನಿಗೆ ಆ ಸಂಖ್ಯೆ ಸ್ವಲ್ಪ ಹೊಟ್ಟೆಕಿಚ್ಚು ತರಿಸುತ್ತದೆ. ಉತ್ತರದ ಡಾಂಪಿಯರ್ ಜಲಸಂಧಿಗೂ ದಕ್ಷಿಣದ ಮಿಸೂಲ್‌ಗೂ ನಡುವೆ ರಾತ್ರಿಯಿಡೀ ಸಾಗಬೇಕಾದಷ್ಟು ಸಮುದ್ರವಿದೆ. ಎರಡನ್ನೂ ನೋಡಬೇಕೆಂದರೆ ಲೈವ್‌ಅಬೋರ್ಡ್ ಹಡಗೇ ಗತಿ: ಅಲ್ಲೇ ಉಣ್ಣುವುದು, ಅಲ್ಲೇ ಮಲಗುವುದು, ಅಲ್ಲಿಂದಲೇ ನೀರಿಗೆ ಇಳಿಯುವುದು.

ತಿಂಗಳು ಆರಿಸುವುದು ಕಷ್ಟವಾಗಲಿಲ್ಲ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿನ ಸಮುದ್ರ ಸಮಾಧಾನದಲ್ಲಿರುತ್ತದೆ. ಜೂನ್ ಬಂತೆಂದರೆ ದಕ್ಷಿಣದ ಗಾಳಿ ಎದ್ದು ಮಿಸೂಲ್ ಕಡೆಯ ಅಲೆಗಳು ಒರಟಾಗುತ್ತವೆ, ಎಷ್ಟೋ ಹಡಗುಗಳು ಕೊಮೊಡೊ ಕಡೆಗೆ ಹೊರಟುಹೋಗುತ್ತವೆ. ಜಗಳ ಹತ್ತಿದ್ದು ವಾರದ ಬಗ್ಗೆ, ಅಂದರೆ ಚಂದ್ರನ ಬಗ್ಗೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವಿಳಿತ ಹೆಚ್ಚು, ಆದ್ದರಿಂದ ಜಲಸಂಧಿಯಲ್ಲಿ ಸೆಳೆತ ಜೋರು. ಅಷ್ಟಮಿಯ ಹೊತ್ತಿಗೆ ಅದು ಸೌಮ್ಯವಾಗುತ್ತದೆ. ಸೆಳೆತವೆಂದರೆ ನನಗೆ ಆಸೆ. ನೀರು ಹರಿದರೆ ತಾನೇ ಪ್ಲಾಂಕ್ಟನ್ ಬರುವುದು, ಅದರ ಹಿಂದೆ ಸಣ್ಣ ಮೀನು, ಅದರ ಹಿಂದೆ ದೊಡ್ಡ ಮೀನು, ಬಾಯಿ ತೆರೆದುಕೊಂಡ ಮಾಂಟಾ ಎಂಬ ದೈತ್ಯ ತೊರಕೆ ಮೀನು. ಗೆಳೆಯನಿಗೋ ಸಮುದ್ರ ಬೀಸಣಿಗೆ ಎಂಬ ಹವಳದ ಕೊಂಬೆಗೆ ಅಂಟಿಕೊಂಡಿರುವ, ಎರಡು ಸೆಂಟಿಮೀಟರ್ ಉದ್ದವೂ ಇಲ್ಲದ ಕುಬ್ಜ ಕಡಲಕುದುರೆಯ ಚಿತ್ರ ಬೇಕು. ಬಿರುಸು ಸೆಳೆತದಲ್ಲಿ ಕ್ಯಾಮೆರಾ ಹಿಡಿದವನು ಕಡಲಕುದುರೆಯನ್ನಲ್ಲ, ತನ್ನನ್ನು ತಾನು ಹಿಡಿದುಕೊಂಡರೆ ಸಾಕಾಗುತ್ತದೆ. ಕೊನೆಗೆ ಅಷ್ಟಮಿಗೆ ಮಿಸೂಲ್‌ನಲ್ಲಿದ್ದು, ಸೆಳೆತ ಏರುತ್ತಿರುವಾಗ ಡಾಂಪಿಯರ್ ತಲುಪುವ ಒಂದು ಪ್ರಯಾಣ ಸಿಕ್ಕಿತು. ಇಬ್ಬರಿಗೂ ಅರ್ಧ ಸಮಾಧಾನ.

ವಾರ ಸಿಕ್ಕ ಕೂಡಲೇ ನಾನು ಹೋಗುವ ವಿಮಾನ ಹುಡುಕತೊಡಗಿದೆ. ಗೆಳತಿ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡು, 'ಮೊದಲು ಬರುವ ವಿಮಾನ' ಎಂದಳು. ಅವಳ ಲೆಕ್ಕ ಸದಾ ಕೊನೆಯ ಡೈವ್‌ನಿಂದ ಹಿಂದಕ್ಕೆ ಹೋಗುತ್ತದೆ. ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ಮೈಯಲ್ಲಿ ಕರಗಿ ಕುಳಿತಿರುತ್ತದೆ. ದಿನಕ್ಕೆ ಮೂರು ನಾಲ್ಕು ಡೈವ್‌ನಂತೆ ವಾರಗಟ್ಟಲೆ ಮಾಡಿದರೆ ಅದು ಪೂರ್ತಿ ಖಾಲಿಯಾಗಲು ಬಿಡುವೇ ಸಿಗುವುದಿಲ್ಲ. ವಿಮಾನದ ಒಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಇಳಿಯಬಹುದು. ಆಗ ಉಳಿದ ಸಾರಜನಕ ಗುಳ್ಳೆಯಾಗಿ ಕೀಲಿಗೋ ಬೆನ್ನುಹುರಿಗೋ ತೊಂದರೆ ಕೊಡಬಹುದು. ಹಲವು ದಿನ ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕೆಂದು ಡೈವರ್‌ಗಳ ಸುರಕ್ಷತೆಗೆ ಇರುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುತ್ತದೆ. ನಾವು 24 ಎಂದು ಇಟ್ಟುಕೊಂಡೆವು. ಹಡಗು ಹತ್ತಿ ಇಳಿಯುವ ಊರಾದ ಸೊರಾಂಗ್‌ನಿಂದ ಹೊರಡುವ ವಿಮಾನವನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಒಂದು ಹಗಲು ಒಂದು ರಾತ್ರಿ ಹಿಂದಕ್ಕೆ ಎಣಿಸಿ, ಕೊನೆಯ ಡೈವ್‌ನ ಗಂಟೆಯನ್ನು ಬರೆದುಕೊಂಡೆವು. ಹೋಗುವಾಗಲೂ ಹೀಗೆಯೇ: ಜಕಾರ್ತದಿಂದ ಸೊರಾಂಗ್‌ಗೆ ನೇರ ವಿಮಾನವಾದರೆ ನಾಲ್ಕು ಗಂಟೆ, ಆದರೆ ಗಡಿಯಾರ ಎರಡು ಗಂಟೆ ಮುಂದೆ. ಹಡಗು ಹೊರಡುವ ಬೆಳಿಗ್ಗೆಯೇ ಇಳಿಯುವ ರಾತ್ರಿ ವಿಮಾನ ಅಗ್ಗವಾಗಿತ್ತು. ಅದು ತಡವಾದರೆ, ಅಥವಾ ಪೆಟ್ಟಿಗೆಗಳು ಮಕಾಸ್ಸರ್‌ನಲ್ಲಿ ಉಳಿದುಬಿಟ್ಟರೆ? ಹಡಗು ಕಾಯುವುದಿಲ್ಲ. ಒಂದು ದಿನ ಮೊದಲೇ ತಲುಪುವುದೆಂದಾಯಿತು.

ಇನ್ನು ಹಡಗು. ಆ ಭಾಗದ ಲೈವ್‌ಅಬೋರ್ಡ್‌ಗಳಲ್ಲಿ ಬಹಳಷ್ಟು ಫಿನಿಸಿ ಮಾದರಿಯವು, ಎರಡು ಕೂವೆಗಳ ಮರದ ಹಡಗುಗಳು. ದಕ್ಷಿಣ ಸುಲಾವೆಸಿಯ ಬುಲುಕುಂಬಾದ ಕಡಲದಂಡೆಯಲ್ಲಿ ಬಡಗಿಗಳು ತಲೆಮಾರುಗಳಿಂದ ಅವನ್ನು ಕಟ್ಟುತ್ತಾ ಬಂದಿದ್ದಾರೆ. ಆ ಕಲೆಯನ್ನು 2017ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಚಿತ್ರದಲ್ಲಿ ನೋಡಿದರೆ ಯಾರಿಗಾದರೂ ಮನಸ್ಸು ಕರಗಬೇಕು. ಆದರೆ ಮರ ಉರಿಯುತ್ತದೆ. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ದ್ವೀಪದ ಬಳಿ ಕನ್ಸೆಪ್ಷನ್ ಎಂಬ ಡೈವ್ ಹಡಗಿಗೆ ಬೆಂಕಿ ಬಿದ್ದು, ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 34 ಮಂದಿ ಸತ್ತರು. ಅಂದು ರಾತ್ರಿ ಎದ್ದು ತಿರುಗಾಡುವ ಕಾವಲುಗಾರ ಯಾರೂ ಇರಲಿಲ್ಲ. ಆ ಹಡಗಿನ ಕ್ಯಾಪ್ಟನ್ ಮುಂದೆ ಅಪರಾಧಿಯೆಂದು ತೀರ್ಪಾಯಿತು. ಆ ಸುದ್ದಿ ಓದಿದ ಮೇಲೆ ಹಾಸಿಗೆಯ ಅಗಲ, ಕಿಟಕಿಯ ಗಾತ್ರ ಕೇಳುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎನ್ನಿಸಿತ್ತು.

ಆಯ್ಕೆಯ ಕೊನೆಯ ಸುತ್ತಿಗೆ ಎರಡು ಹಡಗುಗಳು ಉಳಿದಿದ್ದವು. ಎರಡಕ್ಕೂ ಒಂದೇ ಪತ್ರ ಬರೆದಿದ್ದೆ. ನಾವು ಮಲಗಿದಾಗ ಯಾರು ಎಚ್ಚರವಾಗಿರುತ್ತಾರೆ? ಕೆಳಗಿನ ಕೋಣೆಯಿಂದ ಹೊರಬರಲು ಮೆಟ್ಟಿಲು ಬಿಟ್ಟು ಎರಡನೆಯ ದಾರಿ ಇದೆಯೇ? ಟಾರ್ಚ್, ಕ್ಯಾಮೆರಾಗಳ ಬ್ಯಾಟರಿಗಳನ್ನು ಎಲ್ಲಿ ಚಾರ್ಜ್ ಮಾಡುತ್ತೀರಿ, ರಾತ್ರಿಯೂ ಬಿಡುತ್ತೀರಾ? ಆಮ್ಲಜನಕ ಎಷ್ಟು ಗಂಟೆಗೆ ಸಾಲುತ್ತದೆ? ಲಂಗರು ಹವಳದ ಮೇಲೆ ಬೀಳದಂತೆ ಏನು ಮಾಡುತ್ತೀರಿ? ಈ ಕೊನೆಯ ಪ್ರಶ್ನೆ ನನ್ನ ಹಟಕ್ಕೆ ಸೇರಿದ್ದು. 2017ರಲ್ಲಿ ಕ್ಯಾಲೆಡೋನಿಯನ್ ಸ್ಕೈ ಎಂಬ ವಿಹಾರ ನೌಕೆ ಇದೇ ರಾಜಾ ಅಂಪಾಟ್‌ನಲ್ಲಿ ನೆಲಕಚ್ಚಿ ಹವಳದ ದಿಬ್ಬವನ್ನು ಅರೆದುಹಾಕಿತ್ತು.

ಒಂದು ಹಡಗಿನವರು ಬಣ್ಣಬಣ್ಣದ ಕಿರುಹೊತ್ತಿಗೆ ಕಳಿಸಿದರು. ಅತಿಥಿಗಳ ಸುರಕ್ಷತೆಯೇ ನಮ್ಮ ಪರಮ ಗುರಿ ಎಂದು ಮೊದಲ ಪುಟದಲ್ಲಿತ್ತು, ಉಳಿದ ಪುಟಗಳಲ್ಲಿ ಮಸಾಜ್ ಕೋಣೆ ಇತ್ತು. ಇನ್ನೊಂದು ಹಡಗಿನಿಂದ ಬಂದ ಉತ್ತರದಲ್ಲಿ ನಮಸ್ಕಾರವೂ ಇರಲಿಲ್ಲ. ರಾತ್ರಿ ಇಬ್ಬರು ಸರದಿಯ ಮೇಲೆ, ಎಂಜಿನ್ ಕೋಣೆಯನ್ನೂ ಸೇರಿಸಿ ಸುತ್ತು. ಚಾರ್ಜಿಂಗ್ ಮೇಲಿನ ತೆರೆದ ಅಂತಸ್ತಿನಲ್ಲಿ ಮಾತ್ರ, ರಾತ್ರಿ ಆ ಸಾಲಿನ ವಿದ್ಯುತ್ ಬಂದ್. ಮುಂಭಾಗದ ಕೋಣೆಗಳ ಚಾವಣಿಯಲ್ಲಿ ತುರ್ತು ದಾರಿ, ಫೋಟೊ ಲಗತ್ತಿಸಿದೆ. ಫೋಟೊ ಮಸುಕಾಗಿತ್ತು. ಏಣಿಯ ಮೇಲೆ ಯಾರದೋ ಟವೆಲ್ ನೇತಾಡುತ್ತಿತ್ತು. ಗೆಳೆಯ ಮಸಾಜ್ ಕೋಣೆಯ ಕಡೆ ಒಮ್ಮೆ ಆಸೆಯಿಂದ ನೋಡಿ, ಆ ಟವೆಲ್‌ನ ಹಡಗಿಗೇ ಮತ ಹಾಕಿದ.

ಮಲೇರಿಯಾದ ಮಾತು ಬಂದಾಗ ಗೆಳತಿ ನಮ್ಮನ್ನು ಗೆಳೆಯರೆಂದು ನೋಡಲಿಲ್ಲ, ರೋಗಿಗಳೆಂದು ನೋಡಿದಳು. ನ್ಯೂಗಿನಿಯ ಇಂಡೊನೇಷ್ಯಾ ಭಾಗವಾದ ಪಪುವಾದ ಕಡೆ ಮಲೇರಿಯಾ ಇದೆ, ಮಾತ್ರೆ ಬೇಕು. ಆದರೆ ಮೆಫ್ಲೊಕ್ವಿನ್ ಬೇಡ. ಅದರಿಂದ ಬರಬಹುದಾದ ತಲೆಸುತ್ತು, ಗಲಿಬಿಲಿ, ಆತಂಕಗಳು, ಸಾರಜನಕದ ಗುಳ್ಳೆಯಿಂದ ಬರುವ ಡಿಕಂಪ್ರೆಷನ್ ಕಾಯಿಲೆಯ ಲಕ್ಷಣಗಳಂತೆಯೇ ಕಾಣುತ್ತವೆ. ಸಮುದ್ರದ ನಡುವೆ ಅದು ಮಾತ್ರೆಯ ಕಾಟವೋ ಗುಳ್ಳೆಯ ಕಾಟವೋ ಎಂದು ಯಾರು ಹೇಳಬೇಕು? ಡಾಕ್ಸಿಸೈಕ್ಲಿನ್ ಆದರೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಹಡಗಿನ ಮೇಲೆ ಇರುವುದೆಲ್ಲ ಬಿಸಿಲೇ. ಬೇರೊಂದನ್ನು ಬರೆದುಕೊಟ್ಟಳು. ವಿಮೆಯ ಸಣ್ಣಕ್ಷರಗಳನ್ನೂ ಅವಳೇ ಓದಿದಳು. ನನ್ನ ಪ್ರವಾಸ ವಿಮೆ ಡೈವಿಂಗ್‌ಗೆ ಸಲ್ಲುತ್ತದೆ ಎಂದು ಬರೆದಿದ್ದರು, ಆದರೆ 18 ಮೀಟರ್‌ವರೆಗೆ ಮಾತ್ರ. 19ನೇ ಮೀಟರಿನಲ್ಲಿ ನನ್ನ ಪಾಡು ನನಗೆ. ಡೈವರ್‌ಗಳಿಗೆಂದೇ ಇರುವ ವಿಮೆ ಕೊಂಡೆವು. ಗುಳ್ಳೆ ಎದ್ದವನಿಗೆ ಕೊಡುವ ಒತ್ತಡದ ಚೇಂಬರಿನ ಚಿಕಿತ್ಸೆಯ ಜೊತೆಗೆ, ಅಲ್ಲಿಗೆ ಸಾಗಿಸುವ ಖರ್ಚೂ ಅದರಲ್ಲಿ ಸೇರಿದೆಯೇ ಎಂದು ಖಚಿತಪಡಿಸಿಕೊಂಡೆವು. ಗುಳ್ಳೆ ಎದ್ದವನನ್ನು ಸಾಮಾನ್ಯ ವಿಮಾನದಲ್ಲಿ ಕೂರಿಸಿ ಕಳಿಸುವಂತಿಲ್ಲ.

ಕಾಗದಪತ್ರ ಬೇಗ ಮುಗಿಯಿತು: ಆಗ ವೀಸಾಕ್ಕೆ ಐದು ಲಕ್ಷ ಇಂಡೊನೇಷ್ಯಾ ರುಪಯಾ, ರಾಜಾ ಅಂಪಾಟ್‌ನ ಸಂರಕ್ಷಣಾ ಶುಲ್ಕ ವಿದೇಶಿಯರಿಗೆ ಏಳು ಲಕ್ಷ. ಲಕ್ಷಗಳಲ್ಲಿ ಮಾತಾಡಿದ ಆ ಕೆಲವು ನಿಮಿಷ ಮೂವರೂ ಶ್ರೀಮಂತರಾಗಿದ್ದೆವು. 2010ರಲ್ಲೇ ಶಾರ್ಕ್ ಬೇಟೆಗೆ ತಡೆ ಹಾಕಿದ ಜಾಗಕ್ಕೆ ಈ ಶುಲ್ಕ ಕೊಡಲು ಯಾರೂ ಗೊಣಗಲಿಲ್ಲ.

ಗೊಣಗಾಟವೆಲ್ಲ ತೂಕದ ಮೇಲೆ. ಸೊರಾಂಗ್ ವಿಮಾನದಲ್ಲಿ ತಲಾ 20 ಕಿಲೊ. ನೀರು 28 ಡಿಗ್ರಿಯ ಆಸುಪಾಸು ಇರುವುದರಿಂದ 3 ಮಿಲಿಮೀಟರ್ ಸೂಟ್ ಸಾಕು. ಸಿಲಿಂಡರ್, ಸೀಸದ ತೂಕ ಹಡಗಿನಲ್ಲಿವೆ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ರೆಗ್ಯುಲೇಟರ್, ಆಳ ಮತ್ತು ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್, ಮುಖವಾಡ ಮಾತ್ರ ನಮ್ಮವೇ ಆಗಬೇಕು. ರೆಗ್ಯುಲೇಟರನ್ನು ಹೊರಡುವ ವಾರ ಸರ್ವಿಸ್‌ಗೆ ಕೊಡುವ ಅಭ್ಯಾಸ ಕೆಲವರಿಗಿದೆ. ಸರ್ವಿಸ್ ಮಾಡುವಾಗ ಆದ ಎಡವಟ್ಟು ಕಾಣಿಸುವುದು ನೀರಿನಲ್ಲೇ. ಮೊದಲೇ ಕೊಟ್ಟು, ಹತ್ತಿರದಲ್ಲೆಲ್ಲಾದರೂ ಒಮ್ಮೆ ಮುಳುಗಿ ನೋಡುವುದು ಕ್ಷೇಮ. ಸೆಳೆತದಲ್ಲಿ ದೂರ ತೇಲಿಹೋದವನನ್ನು ದೋಣಿಯವರಿಗೆ ತೋರಿಸುವ ಕಿತ್ತಳೆ ಬಣ್ಣದ ಗಾಳಿಕೊಳವೆ ಪ್ರತಿಯೊಬ್ಬರಿಗೂ ಒಂದೊಂದು, ಅದರಲ್ಲಿ ಉಳಿತಾಯವಿಲ್ಲ. ಗೆಳೆಯನ ಕ್ಯಾಮೆರಾದ ಜಲನಿರೋಧಕ ಕವಚ, ಎರಡು ಫ್ಲಾಶ್, ಅವುಗಳ ತೋಳುಗಳೇ ಹತ್ತು ಕಿಲೊ ದಾಟಿದವು. ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಹೋಗಬೇಕು. ನನ್ನ ಪಾಲಿನ ಐದು ಕಿಲೊವನ್ನು ಅವನಿಗೆ ಧಾರೆ ಎರೆದೆ, ಬಟ್ಟೆ ಕಡಿಮೆ ಸಾಕು ಎಂದು.

ಉಳಿದದ್ದು ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವಿನ ಒಣ ದಿನ. ಅಂದು ಹಡಗಿನ ಮೇಲೆ ಬಿದ್ದುಕೊಂಡು ನಿದ್ದೆ ಮಾಡುವುದೆಂದು ಗೆಳೆಯ. ಹಡಗಿನವರ ಪಟ್ಟಿಯಲ್ಲಿ ಬೇರೊಂದು ಇತ್ತು: ನಸುಕಿನ ನಾಲ್ಕಕ್ಕೆ ಎದ್ದು, ದಂಡೆಗೆ ಹೋಗಿ, ಕಾಡಿನಲ್ಲಿ ಕೆಂಪು ಸ್ವರ್ಗಪಕ್ಷಿ ಕುಣಿಯುವ ಮರದಡಿ ಕಾಯುವುದು. ವೈಗೆಯೊ ಮತ್ತು ಅದರ ಸುತ್ತಲ ಕೆಲವೇ ದ್ವೀಪಗಳನ್ನು ಬಿಟ್ಟರೆ ಆ ಹಕ್ಕಿ ಬೇರೆಲ್ಲೂ ಇಲ್ಲ. ಆಲ್‌ಫ್ರೆಡ್ ರಸೆಲ್ ವಾಲೇಸ್ ಎಂಬ ಬ್ರಿಟಿಷ್ ನಿಸರ್ಗವಿಜ್ಞಾನಿ 1860ರಲ್ಲಿ ಇದೇ ಹಕ್ಕಿಗಾಗಿ ಇಲ್ಲಿಗೆ ಬಂದಿದ್ದ. ಗುಡ್ಡ ಸಣ್ಣದು, ಸಾರಜನಕಕ್ಕೆ ಅಡ್ಡಿಯಿಲ್ಲ, ಬೆವರು ಸುರಿಸಿ ಓಡದಿದ್ದರೆ ಸರಿ ಎಂದು ಗೆಳತಿ ಅಪ್ಪಣೆ ಕೊಟ್ಟಳು. ನಾಲ್ಕು ಗಂಟೆಗೆ ಹಕ್ಕಿಯಾದರೂ ಎದ್ದಿರುತ್ತದೆಯೇ ಎಂದು ಗೆಳೆಯ ವಾದಿಸುತ್ತಲೇ ಇದ್ದ. ಮುಂಗಡ ಹಣ ಹೋಗಿ, ರಸೀದಿ ಬಂದು, ಎಲ್ಲರೂ ಏಳುವ ಹೊತ್ತಿಗೆ ಮೆಲ್ಲಗೆ ಕೇಳಿದ: 'ಹಕ್ಕಿಗೆ ದೊಡ್ಡ ಲೆನ್ಸ್ ಬೇಕಾಗುತ್ತದೆ. ಇನ್ನೆರಡು ಕಿಲೊ ಯಾರ ಹತ್ತಿರ ಇದೆ?'