ಸಿರಿಜಾಪ್‌ನ ಮೇಜರ್

ಮಗಳು ಇಂದು ಪರಮವೀರ ಚಕ್ರ ಪಡೆದವರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಮೇಜರ್ ಧನ್ ಸಿಂಗ್ ಥಾಪಾ ಎಂದಾಗ ನನ್ನ ಕೈಕೆಲಸ ನಿಂತಿತು.

1962ರ ಅಕ್ಟೋಬರ್ 20. ಲಡಾಖ್‌ನ ಪ್ಯಾಂಗಾಂಗ್ ಸರೋವರದ ದಡ.
ಅಲ್ಲಿನ ಸಿರಿಜಾಪ್ ಕಾವಲುನೆಲೆಯಲ್ಲಿ ಬೆರಳೆಣಿಕೆಯ ಗೋರ್ಖಾ ಯೋಧರು.
ಚೀನಾ ಸೇನೆಯ ಎರಡು ದಾಳಿ ತಡೆದರು. ಮೂರನೆಯದಕ್ಕೆ ಟ್ಯಾಂಕುಗಳೇ ಬಂದವು.
ಆಗಲೂ ಈ ಮನುಷ್ಯ ಕಂದಕದಿಂದ ಹೊರಬಂದು ಶತ್ರುಗಳೊಂದಿಗೆ ಮುಖಾಮುಖಿ ಸೆಣಸಿದರು!

ಸತ್ತರೆಂದೇ ಎಲ್ಲರೂ ತಿಳಿದರು. ಪದಕವೂ ಮರಣೋತ್ತರವೆಂದೇ ಘೋಷಣೆಯಾಯಿತು.
ಅವರೋ ಚೀನಾದ ಸೆರೆಯಲ್ಲಿದ್ದರು.

ನನ್ನನ್ನು ಕಾಡುವುದು ಆ ಮನೆ. ಗಂಡ ಇನ್ನಿಲ್ಲವೆಂದು ನಂಬಿಕೊಂಡೇ ದಿನ ದೂಡಿದ ಆ ಹೆಣ್ಣುಮಗಳು. ಅವರ ಸಹನೆಯನ್ನು ನಾವು ಯಾರೂ ನೆನೆಯುವುದಿಲ್ಲವಲ್ಲ!

1963ರ ಮೇ ತಿಂಗಳಲ್ಲಿ ಬಿಡುಗಡೆ. ಮರಳಿದವರು ಮತ್ತೆ ಸೇನೆಯಲ್ಲೇ ದುಡಿದು, ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದರು.