ಚಿನ್ನಸ್ವಾಮಿಯ ಹುಲ್ಲಿನ ಮೇಲೆ ರಾಹುಲ್ ಎಳೆದ ಗೆರೆ

2025ರ ಏಪ್ರಿಲ್ 10ರ ರಾತ್ರಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ರಾಯಲ್ ಚಾಲೆಂಜರ್ಸ್ ಬೆಂಗಳೂರು (ಆರ್‌ಸಿಬಿ) ಎದುರಿನ ಐಪಿಎಲ್ ಪಂದ್ಯ, ಡೆಲ್ಲಿ ಕ್ಯಾಪಿಟಲ್ಸ್ ಇನಿಂಗ್ಸಿನ 18ನೇ ಓವರಿನ ಐದನೇ ಎಸೆತ. ಯಶ್ ದಯಾಳ್ ಬೌಲಿಂಗ್, ಕೆ.ಎಲ್. ರಾಹುಲ್ ಬ್ಯಾಟಿಂಗ್. ಚೆಂಡು ಸಿಕ್ಸರ್‌ಗೆ ಹೋಯಿತು, ಪಂದ್ಯ ಮುಗಿಯಿತು. ಆಮೇಲೆ ರಾಹುಲ್ ಬ್ಯಾಟಿನ ತುದಿಯಿಂದ ನೆಲದ ಮೇಲೆ ತನ್ನ ಸುತ್ತ ಒಂದು ವೃತ್ತ ಎಳೆದು, ಅದರ ನಡುವೆ ಬ್ಯಾಟನ್ನು ಕತ್ತಿ ನೆಡುವ ಹಾಗೆ ಊರಿದ. ಪಂದ್ಯದ ನಂತರ ಮಾತಾಡುವಾಗ ಇದು ನನ್ನ ಗ್ರೌಂಡು, ನನ್ನ ಮನೆ, ಬೇರೆ ಯಾರಿಗಿಂತಲೂ ಇದು ನನಗೆ ಗೊತ್ತು ಅಂದ.

ಆ ಇನಿಂಗ್ಸು ಸಲೀಸಾಗಿ ಬಂದದ್ದಲ್ಲ. ಆರ್‌ಸಿಬಿ ಮೊದಲ ಮೂರು ಓವರಿನಲ್ಲೇ ಐವತ್ತು ದಾಟಿ, ಫಿಲ್ ಸಾಲ್ಟ್ ರನ್‌ಔಟಾದ ಮೇಲೆ ಕುಲದೀಪ್ ಮತ್ತು ವಿಪ್ರಾಜ್ ನಿಗಮ್ ಅವರ ಸ್ಪಿನ್ನಿಗೆ ಸಿಕ್ಕಿ 163ಕ್ಕೆ ನಿಂತಿತ್ತು. ಪಿಚ್ ನಿಧಾನವಾಗಿತ್ತು, ಚೆಂಡು ನಿಂತು ಬರುತ್ತಿತ್ತು. ಡೆಲ್ಲಿ 58ಕ್ಕೆ 4. ರಾಹುಲ್ 5 ರನ್ ಮಾಡಿದ್ದಾಗ ರಜತ್ ಪಾಟೀದಾರ್ ಒಂದು ಕ್ಯಾಚ್ ಬಿಟ್ಟ. ಮಳೆ ಬರುವ ಸೂಚನೆ ಕಂಡ ಮೇಲೆ 15ನೇ ಓವರಿನಲ್ಲಿ ಹೇಜಲ್‌ವುಡ್‌ಗೆ 22 ರನ್ ಬಿತ್ತು. ಕೊನೆಗೆ 53 ಎಸೆತಕ್ಕೆ ಅಜೇಯ 93. ಸ್ಟಬ್ಸ್ ಜೊತೆ ಮುರಿಯದ 111 ರನ್ ಜೊತೆಯಾಟ. ಈ ಪಿಚ್ಚಿನಲ್ಲಿ ಯಾವ ಹೊಡೆತವನ್ನು ತಡೆದಿಟ್ಟುಕೊಳ್ಳಬೇಕು, ಯಾವ ಬದಿಯ ಬೌಂಡರಿಗೆ ಗುರಿಯಿಡಬೇಕು ಅನ್ನುವುದು ಅವನ ಮೈಗೆ ಹತ್ತಿದ ಲೆಕ್ಕ. ಕರ್ನಾಟಕದ ಪರ ಮೊದಲ ರಣಜಿ ತ್ರಿಶತಕ, ಉತ್ತರ ಪ್ರದೇಶದ ಎದುರಿನ 337, 2015ರಲ್ಲಿ ಇದೇ ಗ್ರೌಂಡಿನಲ್ಲಿ ಬಂದದ್ದು.

ಆ ರಾತ್ರಿಯಿಂದ ಎರಡು ವಾರ ಬೆಂಗಳೂರಿನಲ್ಲಿ ಒಂದೇ ಜಗಳ. ನಮ್ಮ ಹುಡುಗ ನಮ್ಮ ಎದುರೇ ಹೀಗೆ ಮಾಡಬಹುದೇ ಅಂತ ಒಂದು ಗುಂಪು. ನಮ್ಮ ಹುಡುಗನನ್ನು ಬಿಟ್ಟುಕೊಟ್ಟದ್ದು ಯಾರು ಅಂತ ಇನ್ನೊಂದು ಗುಂಪು. ಇಬ್ಬರೂ ನಿಷ್ಠೆಯ ಮಾತಾಡುತ್ತಿದ್ದರು. ಆದರೆ ಐಪಿಎಲ್‌ನಲ್ಲಿ ಒಬ್ಬ ಆಟಗಾರ ಒಂದು ತಂಡದಲ್ಲಿ ಉಳಿಯುವುದು ಅಥವಾ ಹೋಗುವುದು ಎಲ್ಲಿ ತೀರ್ಮಾನವಾಗುತ್ತದೆ ಅನ್ನುವುದನ್ನು ನೋಡದೆ ಈ ಜಗಳ ಆಡಿದರೆ ಇಬ್ಬರಿಗೂ ಅನ್ಯಾಯ.

ರಾಹುಲನ ದಾರಿ ಹೀಗಿದೆ. 2013ರಲ್ಲಿ ಆರ್‌ಸಿಬಿ, 2014 ಮತ್ತು 2015ರಲ್ಲಿ ಹೈದರಾಬಾದ್, 2016ಕ್ಕೆ ಮತ್ತೆ ಆರ್‌ಸಿಬಿ. ಆ ವರ್ಷ 397 ರನ್ ಹೊಡೆದ, ಚಿನ್ನಸ್ವಾಮಿಯಲ್ಲೇ ನಡೆದ ಫೈನಲ್ಲಿನಲ್ಲಿ ಎಂಟು ರನ್ನಿಂದ ಸೋತ ತಂಡದಲ್ಲಿದ್ದ. 2017 ಭುಜದ ಗಾಯಕ್ಕೆ ಹೋಯಿತು. 2018ರ ಜನವರಿಯ ಮೆಗಾ ಹರಾಜಿಗೆ (ಬಹುತೇಕ ಎಲ್ಲ ಆಟಗಾರರೂ ಮತ್ತೆ ಹರಾಜಿಗೆ ಬರುವ ದೊಡ್ಡ ಹರಾಜು) ಮುಂಚೆ ಆರ್‌ಸಿಬಿ ಉಳಿಸಿಕೊಂಡದ್ದು ಮೂವರನ್ನು: ಕೊಹ್ಲಿ 17 ಕೋಟಿ, ಡಿವಿಲಿಯರ್ಸ್ 11 ಕೋಟಿ, ಸರ್ಫರಾಜ್ ಖಾನ್ 1.75 ಕೋಟಿ (ನಿಯಮದ ಪ್ರಕಾರ ಪರ್ಸಿನಿಂದ ಕಳೆದದ್ದು 3 ಕೋಟಿ). 80 ಕೋಟಿಯ ಪರ್ಸಿನಲ್ಲಿ, ಅಂದರೆ ತಂಡ ಖರ್ಚು ಮಾಡಬಹುದಾದ ಒಟ್ಟು ಹಣದಲ್ಲಿ, ಕೈಯಲ್ಲಿ ಉಳಿದದ್ದು 49 ಕೋಟಿ, ಜೊತೆಗೆ ಹಳೆಯ ಆಟಗಾರನನ್ನು ಹರಾಜಿನಲ್ಲಿ ಮರಳಿ ಪಡೆಯುವ ಎರಡು ರೈಟ್ ಟು ಮ್ಯಾಚ್ (ಆರ್‌ಟಿಎಂ) ಕಾರ್ಡು. ಪಂಜಾಬ್ ರಾಹುಲನನ್ನು 11 ಕೋಟಿಗೆ ನಿಲ್ಲಿಸಿದಾಗ ಕಾರ್ಡು ಎತ್ತಿದ್ದರೆ ಅವನು ಇಲ್ಲೇ ಇರುತ್ತಿದ್ದ. ಆಗಿನ ನಿಯಮದಲ್ಲಿ ಹಳೆಯ ತಂಡ ಕೊನೆಯ ಬೆಲೆಗೆ ಸರಿಸಮ ಹಾಕಿದರೆ ಸಾಕಿತ್ತು, ಮುಂದೆ ಮಾತಿಲ್ಲ. ಆರ್‌ಸಿಬಿ ಎತ್ತಲಿಲ್ಲ. ಆ ಎರಡು ಕಾರ್ಡು ಹೋದದ್ದು ಚಾಹಲ್‌ಗೆ 6 ಕೋಟಿಗೆ, ಪವನ್ ನೇಗಿಗೆ 1 ಕೋಟಿಗೆ.

ನನ್ನ ಮಟ್ಟಿಗೆ ಈ ಕಥೆಯಲ್ಲಿ ನಿಜವಾಗಿ ನೋಯುವ ಜಾಗ ಇದೊಂದೇ. 49 ಕೋಟಿಯಲ್ಲಿ 11 ಕೋಟಿ ದೊಡ್ಡ ಮೊತ್ತ, ಒಪ್ಪೋಣ. ಆದರೆ ಅವನಿಗಾಗ 25 ವರ್ಷ, ವಿಕೆಟ್ ಕೀಪಿಂಗ್ ಬರುತ್ತದೆ, ಆರಂಭಿಕ ಬ್ಯಾಟರ್, ಗ್ರೌಂಡು ಅವನದೇ. ಅಲ್ಲಿಂದ ಪಂಜಾಬಿನಲ್ಲಿ ನಾಲ್ಕು ಸೀಸನ್, ಲಖನೌದಲ್ಲಿ 17 ಕೋಟಿಗೆ ಮೂರು ಸೀಸನ್.

ಇನ್ನು 2024ರ ನವೆಂಬರ್ 24, ಜೆಡ್ಡಾದ ಮೆಗಾ ಹರಾಜು. ಆ ದಿನದ ತೀರ್ಮಾನವನ್ನು ಮಾತ್ರ ನಾನು ತಪ್ಪು ಅನ್ನಲಾರೆ. ಲೆಕ್ಕ ನೋಡಿ. ಪರ್ಸು 120 ಕೋಟಿ. ಕೊಹ್ಲಿ 21, ಪಾಟೀದಾರ್ 11, ಯಶ್ ದಯಾಳ್ 5, ಒಟ್ಟು 37 ಹೋಗಿ 83 ಕೋಟಿ. ಈ ದುಡ್ಡಿನಲ್ಲಿ ಆರ್‌ಸಿಬಿ ಹೇಜಲ್‌ವುಡ್‌ಗೆ 12.50, ಸಾಲ್ಟ್‌ಗೆ 11.50, ಜಿತೇಶ್ ಶರ್ಮಾಗೆ 11, ಭುವನೇಶ್ವರ್‌ಗೆ 10.75, ಲಿವಿಂಗ್‌ಸ್ಟನ್‌ಗೆ 8.75 ಕೊಟ್ಟಿತು. ಈ ಐವರಿಗೇ 54.50. ಇವರ ಮೇಲೆ ಡೆಲ್ಲಿ ರಾಹುಲನಿಗೆ ಕೊಟ್ಟ 14 ಕೋಟಿ ಸೇರಿಸಿದರೆ 68.50. ಉಳಿದ 14.50 ಕೋಟಿಯಲ್ಲಿ, ಕನಿಷ್ಠ 18 ಜನರ ತಂಡ ತುಂಬಿಸಲು ಇನ್ನೂ ಒಂಬತ್ತು ಆಟಗಾರರು ಬೇಕು. ಕೃಣಾಲ್ ಪಾಂಡ್ಯ ಒಬ್ಬನೇ 5.75. ಅಂದರೆ ರಾಹುಲ್ ಬಂದಿದ್ದರೆ ಸಾಲ್ಟೋ ಭುವನೇಶ್ವರೋ ಬರುತ್ತಿರಲಿಲ್ಲ. ಆರ್‌ಸಿಬಿ ಮೇಜು ಆರಂಭದಲ್ಲಿ ಅವನಿಗೆ ಬೋರ್ಡು ಎತ್ತಿ ಆಮೇಲೆ ಹಿಂದೆ ಸರಿದದ್ದು ಅಸಡ್ಡೆಯಿಂದಲ್ಲ.

ಆರ್‌ಸಿಬಿಯ ವೇಗಿ ಮೊಹಮ್ಮದ್ ಸಿರಾಜ್ ವಿಷಯ ಅದೇ ದಿನ, ಅದೇ ಸೆಟ್ಟಿನಲ್ಲಿ (ಒಟ್ಟಿಗೆ ಹರಾಜಿಗೆ ಬರುವ ಆಟಗಾರರ ಗುಂಪು), ರಾಹುಲನಿಗಿಂತ ಸ್ವಲ್ಪ ಮುಂಚೆ ಬಂತು. ಇಲ್ಲಿ ಆರ್‌ಟಿಎಂ ಕಾರ್ಡಿನ ಹೊಸ ನಿಯಮವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹಳೆಯ ತಂಡದ ಕೈ ಕಟ್ಟಿದ್ದು ಇದೇ. ಮೊದಲು ಮಾಮೂಲಿ ಹರಾಜು ನಡೆದು ಒಂದು ಬೆಲೆಗೆ ನಿಲ್ಲುತ್ತದೆ. ಹರಾಜುಗಾರ ಹಳೆಯ ತಂಡವನ್ನು ಕೇಳುತ್ತಾರೆ, ಕಾರ್ಡು ಬಳಸುತ್ತೀರಾ ಅಂತ. ಹೌದು ಅಂದರೆ, ಗೆದ್ದ ತಂಡಕ್ಕೆ ಬೆಲೆ ಏರಿಸಲು ಇನ್ನೊಂದು ಅವಕಾಶ. ಅದು ಎಷ್ಟು ಬೇಕಾದರೂ ಏರಿಸಬಹುದು, ಮಿತಿಯಿಲ್ಲ. ಆ ಏರಿದ ಬೆಲೆಯನ್ನು ಹಳೆಯ ತಂಡ ಕೊಡಬೇಕು, ಇಲ್ಲವಾದರೆ ಆಟಗಾರನನ್ನು ಬಿಡಬೇಕು. ರಿಷಭ್ ಪಂತ್ 20.75ಕ್ಕೆ ನಿಂತಿದ್ದ. ಡೆಲ್ಲಿ ಕಾರ್ಡು ತೋರಿಸಿತು, ಲಖನೌ ಒಂದೇ ಉಸಿರಿಗೆ 27 ಅಂದಿತು, ಡೆಲ್ಲಿ ಕೈಬಿಟ್ಟಿತು. ಅರ್ಷದೀಪ್ 15.75ರಿಂದ 18ಕ್ಕೆ ಏರಿದ, ಪಂಜಾಬ್ ಅಷ್ಟನ್ನೂ ಕೊಟ್ಟು ಉಳಿಸಿಕೊಂಡಿತು.

ಈ ನಿಯಮ ಆಟಗಾರನ ಜೇಬಿಗೆ ಒಳ್ಳೆಯದು. ಆದರೆ ಒಂದು ತಂಡ ತಾನು ಬೆಳೆಸಿದವನನ್ನು ಮಾರುಕಟ್ಟೆ ಬೆಲೆಗೆ ಉಳಿಸಿಕೊಳ್ಳುವ ದಾರಿ ಇದರಿಂದ ಮುಚ್ಚಿತು. ಮಾರುಕಟ್ಟೆ ಬೆಲೆಯ ಮೇಲೆ ದಂಡವೂ ಬೀಳುತ್ತದೆ. ಆರ್‌ಸಿಬಿ ಬರೀ ಇದರ ಬಲಿಪಶುವಲ್ಲ, ಇದೇ ಅಸ್ತ್ರವನ್ನು ತಾನೂ ಬೀಸಿತು: ಜಿತೇಶ್‌ನನ್ನು ಪಂಜಾಬಿನಿಂದ ಕಿತ್ತುಕೊಳ್ಳಲು 7ರಿಂದ 11ಕ್ಕೆ, ರಸಿಖ್ ದಾರ್‌ನನ್ನು ಡೆಲ್ಲಿಯಿಂದ ತರಲು 2ರಿಂದ 6ಕ್ಕೆ ಏರಿಸಿತು. ತನ್ನ ಮೂರು ಕಾರ್ಡಿನಲ್ಲಿ ಆರ್‌ಸಿಬಿ ಬಳಸಿದ್ದು ಒಂದನ್ನು ಮಾತ್ರ, ಸ್ವಪ್ನಿಲ್ ಸಿಂಗ್‌ಗೆ, 50 ಲಕ್ಷಕ್ಕೆ. ತನ್ನಲ್ಲೇ ಆಡಿದ್ದ ವಿಲ್ ಜ್ಯಾಕ್ಸ್ 5.25 ಕೋಟಿಗೆ ಮುಂಬೈ ಪಾಲಾದಾಗ ಆರ್‌ಸಿಬಿ ಕಾರ್ಡು ಬೇಡ ಅಂದಿತು, ಮುಂಬೈ ಮಾಲೀಕರು ಎದ್ದು ಬಂದು ಆರ್‌ಸಿಬಿ ಮೇಜಿನವರ ಕೈಕುಲುಕಿದರು. ಅಭಿಮಾನಿಗಳಿಗೆ ಅದನ್ನು ನೋಡಲು ಆಗಲಿಲ್ಲ.

ಸಿರಾಜ್‌ಗೆ ಗುಜರಾತ್ 12.25 ಕೋಟಿ ಹೇಳಿತು. ಆರ್‌ಸಿಬಿಗೆ ಕಾರ್ಡು ಇತ್ತು, ಕೇಳಿದರು, ಬೇಡ ಅಂದಿತು. ಏಳು ವರ್ಷ ಅಲ್ಲಿಗೆ ಮುಗಿಯಿತು. 2018ರಲ್ಲಿ 2.60 ಕೋಟಿಗೆ ಬಂದ ಹುಡುಗ. 2019ರಲ್ಲಿ ಎಲ್ಲರ ಕೈಯಲ್ಲೂ ಹೊಡೆಸಿಕೊಂಡಾಗ ಬಿಡಿ ಅಂದವರು ಎಷ್ಟೋ ಮಂದಿ, ತಂಡ ಬಿಡಲಿಲ್ಲ. ಮರುವರ್ಷ ಅಬುಧಾಬಿಯಲ್ಲಿ ಕೋಲ್ಕತ್ತ ಎದುರು 4 ಓವರಿನಲ್ಲಿ 8 ರನ್ನಿಗೆ 3 ವಿಕೆಟ್, ಅದರಲ್ಲಿ ಎರಡು ಮೇಡನ್. ಒಂದೇ ಐಪಿಎಲ್ ಪಂದ್ಯದಲ್ಲಿ ಎರಡು ಮೇಡನ್ ಹಾಕಿದ ಮೊದಲ ಬೌಲರ್ ಅವನು. ತಂಡ ತಾಳ್ಮೆ ತೋರಿದರೆ ಏನಾಗುತ್ತದೆ ಅನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಅದೇ ಸಿರಾಜ್ 2025ರ ಏಪ್ರಿಲ್ 2ರಂದು, ರಾಹುಲನ ರಾತ್ರಿಗೆ ಎಂಟು ದಿನ ಮುಂಚೆ, ನೀಲಿ ಜೆರ್ಸಿಯಲ್ಲಿ ಚಿನ್ನಸ್ವಾಮಿಗೆ ಬಂದ. ಪಡಿಕ್ಕಲ್, ಸಾಲ್ಟ್, ಲಿವಿಂಗ್‌ಸ್ಟನ್ ಮೂವರನ್ನೂ ಔಟ್ ಮಾಡಿದ, 19 ರನ್ನಿಗೆ 3. ಗುಜರಾತ್ ಎಂಟು ವಿಕೆಟ್‌ನಿಂದ ಗೆದ್ದಿತು. ಪಂದ್ಯಶ್ರೇಷ್ಠ ಪ್ರಶಸ್ತಿ ಪಡೆದಾಗ, ಏಳು ವರ್ಷ ಇದ್ದ ಜಾಗಕ್ಕೆ ಬೇರೆ ಬಣ್ಣದಲ್ಲಿ ಬಂದದ್ದರಿಂದ ಭಾವುಕನಾಗಿದ್ದೆ ಅಂತ ಹೇಳಿಕೊಂಡ. ಒಂದೇ ತಿಂಗಳಲ್ಲಿ ಎರಡು ಸಲ, ಆರ್‌ಸಿಬಿ ಬಿಟ್ಟವರೇ ಆರ್‌ಸಿಬಿಯನ್ನು ಅದರ ಮನೆಯಲ್ಲೇ ಕೆಡವಿದರು.

ಹೋದವರನ್ನು ದ್ರೋಹಿ ಅನ್ನುವ ಮುಂಚೆ ಆಟಗಾರನ ಕೈಯಲ್ಲಿ ಏನಿದೆ ಅನ್ನುವುದು ಗೊತ್ತಿರಲಿ. ಐಪಿಎಲ್ ಒಪ್ಪಂದ ಒಂದು ವರ್ಷದ್ದು, ಅದನ್ನು ಮುಂದುವರಿಸುವ ಆಯ್ಕೆ ತಂಡದ್ದು. ತಂಡ ಬೇಡ ಅಂದರೆ ಆಟಗಾರ ಹರಾಜಿಗೆ ಬೀಳುತ್ತಾನೆ. ತಂಡ ಬೇಕು ಅಂದರೆ ಆಟಗಾರ ಬೇರೆ ಕಡೆ ಮಾತಾಡುವಂತಿಲ್ಲ. ರವೀಂದ್ರ ಜಡೇಜ ರಾಜಸ್ಥಾನ ರಾಯಲ್ಸ್‌ನಲ್ಲಿದ್ದಾಗ ಬೇರೆ ತಂಡದ ಜೊತೆ ಮಾತುಕತೆ ನಡೆಸಿದ ಕಾರಣಕ್ಕೆ 2010ರ ಇಡೀ ಸೀಸನ್ ನಿಷೇಧಕ್ಕೆ ಒಳಗಾದ. ವರ್ಗಾವಣೆ ಆಗಬೇಕಾದರೆ ಎರಡೂ ತಂಡ ಒಪ್ಪಬೇಕು, ಆಟಗಾರ ಒಪ್ಪಬೇಕು, ಮಂಡಳಿ ಅನುಮತಿಸಬೇಕು. ಮೆಗಾ ಹರಾಜಿಗೆ ಮುಂಚೆ ಮಾತ್ರ ಆಟಗಾರನಿಗೆ ನಿಜವಾದ ಬಲ ಸಿಗುತ್ತದೆ: ಕೊಡುವ ಸ್ಲ್ಯಾಬ್ (ಉಳಿಸಿಕೊಳ್ಳಲು ನಿಗದಿಯಾದ ಮೊತ್ತ) ಬೇಡ, ಹರಾಜಿಗೇ ಹೋಗುತ್ತೇನೆ ಅನ್ನಬಹುದು. ಉಳಿದ ಕಾಲದಲ್ಲಿ ತಂಡದ ತೂಕವೇ ಹೆಚ್ಚು. ಇಂಥ ಒಪ್ಪಂದದಲ್ಲಿ ನಿಷ್ಠೆಯನ್ನು ಒಬ್ಬರಿಂದ ಮಾತ್ರ ಕೇಳುವುದು ನ್ಯಾಯವಲ್ಲ. ಆ ಜಡೇಜ ಚೆನ್ನೈಯಲ್ಲಿ ಹತ್ತು ವರ್ಷಕ್ಕೂ ಮಿಗಿಲಾಗಿ ಆಡಿ, 2025ರ ನವೆಂಬರಿನಲ್ಲಿ ಸಂಜು ಸ್ಯಾಮ್ಸನ್ ಬದಲಿಗೆ ಅದೇ ರಾಜಸ್ಥಾನಕ್ಕೆ ಮರಳಿದ. ಸಂಭಾವನೆ 18 ಕೋಟಿಯಿಂದ 14ಕ್ಕೆ ಇಳಿಯಿತು.

ಕೊಹ್ಲಿಯ ಹೆಸರು ಹೇಳದೆ ಈ ಮಾತು ಮುಗಿಯುವುದಿಲ್ಲ. 2008ರ ಅಂಡರ್-19 ಡ್ರಾಫ್ಟಿನಲ್ಲಿ ಡೆಲ್ಲಿ ಪ್ರದೀಪ್ ಸಂಗ್ವಾನ್‌ನನ್ನು ಆರಿಸಿಕೊಂಡದ್ದರಿಂದ ಆರ್‌ಸಿಬಿಗೆ ಸಿಕ್ಕವನು. 2011ರಲ್ಲಿ ಆರ್‌ಸಿಬಿ ಉಳಿಸಿಕೊಂಡದ್ದು ಅವನೊಬ್ಬನನ್ನೇ. ಐಕಾನ್ ಆಟಗಾರನಾಗಿದ್ದ ದ್ರಾವಿಡ್ ಆ ಹರಾಜಿನಲ್ಲಿ ರಾಜಸ್ಥಾನಕ್ಕೆ ಹೋದ. ಕೊಹ್ಲಿಯ ಬೆಲೆ 2018ರಲ್ಲಿ 17 ಕೋಟಿ, 2022ರಲ್ಲಿ 15. ಮೂವರನ್ನು ಉಳಿಸಿಕೊಳ್ಳುವ ತಂಡಕ್ಕೆ ಆಗ ಮೊದಲ ಸ್ಲ್ಯಾಬ್ 15 ಕೋಟಿ, ಅವನು ಅದಕ್ಕೆ ಒಪ್ಪಿದ. ಎರಡು ಕೋಟಿ ಕಡಿಮೆಗೆ ನಿಂತದ್ದಕ್ಕೆ ಅಭಿಮಾನಿಗಳ ಲೆಕ್ಕದಲ್ಲಿ ಬೆಲೆ ಕಟ್ಟಲಾಗದು. ಆದರೆ ಅವನಂತೆ ಎಲ್ಲರೂ ಇರಲಿ ಅನ್ನುವುದು ಆಗದ ಮಾತು, ಅವನಿಗೆ ತಂಡವೂ ಪ್ರತಿ ಸಲ ಮೊದಲ ಸ್ಥಾನ ಕೊಟ್ಟಿದೆ.

ಪಾಟೀದಾರ್ ಉದಾಹರಣೆಯೇ ನನಗೆ ಹೆಚ್ಚು ಹಿಡಿಸುವುದು. 2022ರ ಹರಾಜಿನಲ್ಲಿ ಯಾರಿಗೂ ಬೇಡವಾದ. ಕರ್ನಾಟಕದ ಲವನೀತ್ ಸಿಸೋಡಿಯಾ ಗಾಯಗೊಂಡಾಗ 20 ಲಕ್ಷಕ್ಕೆ ಬದಲಿಯಾಗಿ ಬಂದ, ಈಡನ್ ಗಾರ್ಡನ್ಸಿನ ಎಲಿಮಿನೇಟರಿನಲ್ಲಿ ಅಜೇಯ 112 ಹೊಡೆದ. 2023ರ ಸೀಸನ್ ಪೂರ್ತಿ ಗಾಯದಿಂದ ಹೊರಗೆ. ತಂಡ ಕೈಬಿಡಲಿಲ್ಲ, 11 ಕೋಟಿ ಕೊಟ್ಟು ಉಳಿಸಿಕೊಂಡು ನಾಯಕನನ್ನೂ ಮಾಡಿತು. 2025ರ ಜೂನ್ 3ರಂದು ಕಪ್ ಎತ್ತಿದವನು ಅವನೇ.

ರಾಹುಲನ ವೃತ್ತಕ್ಕೆ ಮತ್ತೆ ಬಂದರೆ, ಅದು ಯಾರ ವಿರುದ್ಧ ಅಂತ ಕೇಳುವುದಕ್ಕಿಂತ ಯಾರ ಪರ ಅಂತ ಕೇಳಬೇಕು. 14 ಕೋಟಿಯನ್ನು 14 ಲೀಗ್ ಪಂದ್ಯಕ್ಕೆ ಹಂಚಿದರೆ ಪಂದ್ಯಕ್ಕೆ ಒಂದು ಕೋಟಿ. ರಣಜಿಯಲ್ಲಿ ಅತಿ ಅನುಭವಿ ಆಟಗಾರನಿಗೂ ದಿನಕ್ಕೆ 60 ಸಾವಿರ, ನಾಲ್ಕು ದಿನದ ಪಂದ್ಯಕ್ಕೆ 2.40 ಲಕ್ಷ. ಪಂದ್ಯಕ್ಕೆ ಕೋಟಿಯ ಆ ರಾಹುಲ್ 2025ರ ಜನವರಿ ಕೊನೆಯಲ್ಲಿ ಹರಿಯಾಣ ಎದುರು ಕರ್ನಾಟಕದ ಕ್ಯಾಪು ಹಾಕಿ ಇದೇ ಚಿನ್ನಸ್ವಾಮಿಯಲ್ಲಿ ಆಡಿದ್ದ. ಈ ಗ್ರೌಂಡು ಅವನಿಗೆ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎಯ ಗ್ರೌಂಡು, ಕರ್ನಾಟಕದ ಗ್ರೌಂಡು. ಫ್ರಾಂಚೈಸಿ ಅದರಲ್ಲಿ ವರ್ಷಕ್ಕೆ ಕೆಲವೇ ಪಂದ್ಯ ಆಡುತ್ತದೆ. ಏಪ್ರಿಲ್ 27ರಂದು ದೆಹಲಿಯಲ್ಲಿ ಆರ್‌ಸಿಬಿ ಗೆದ್ದ ಮೇಲೆ ಕೊಹ್ಲಿ ಅದೇ ವೃತ್ತ ಎಳೆಯುವ ಹಾಗೆ ಮಾಡಿ ರಾಹುಲನನ್ನು ಕಿಚಾಯಿಸಿದ, ಇಬ್ಬರೂ ನಕ್ಕರು. ಆಟಗಾರರ ನಡುವೆ ಆ ವಿಷಯ ಅಲ್ಲಿಗೇ ತೀರಿತ್ತು.

ಕನ್ನಡಿಗರು ಆರ್‌ಸಿಬಿಯಲ್ಲಿ ಕಡಿಮೆ ಅನ್ನುವ ಕೊರಗು ಮಾತ್ರ ನನಗೂ ಇದೆ. ಜೆಡ್ಡಾ ಮುಗಿದಾಗ ತಂಡದಲ್ಲಿದ್ದದ್ದು ಇಬ್ಬರು: 2 ಕೋಟಿಯ ಪಡಿಕ್ಕಲ್, 30 ಲಕ್ಷದ ಮನೋಜ್ ಭಾಂಡಗೆ. ಪಡಿಕ್ಕಲ್ ಮೊದಲ ಸುತ್ತಿನಲ್ಲಿ ಮಾರಾಟವೇ ಆಗದೆ ಎರಡನೇ ಸಲ ಹೆಸರು ಬಂದಾಗ ಮೂಲಬೆಲೆಗೆ ಸಿಕ್ಕವನು. ಆ ಸೀಸನ್ನಿನಲ್ಲಿ 25 ವಿಕೆಟ್ ಪಡೆದು ಪರ್ಪಲ್ ಕ್ಯಾಪ್ ಹಾಕಿಕೊಂಡ ಪ್ರಸಿದ್ಧ ಕೃಷ್ಣ ಗುಜರಾತಿನಲ್ಲಿದ್ದ, 9.50 ಕೋಟಿಗೆ. ಮೇ ತಿಂಗಳಲ್ಲಿ ಪಡಿಕ್ಕಲ್‌ನ ತೊಡೆಯ ಸ್ನಾಯುವಿಗೆ ಗಾಯವಾದಾಗ ಆರ್‌ಸಿಬಿ ಕರೆದದ್ದು ಮಯಂಕ್ ಅಗರವಾಲ್‌ನನ್ನು. 2011ರಲ್ಲಿ ಇದೇ ತಂಡದಲ್ಲಿ ಐಪಿಎಲ್ ಶುರು ಮಾಡಿದವನು, ಹರಾಜಿನಲ್ಲಿ ಯಾರೂ ಕೊಳ್ಳದೆ ಉಳಿದವನು, 1 ಕೋಟಿಗೆ ಬಂದ. ಅಹಮದಾಬಾದಿನ ಫೈನಲ್ಲಿನಲ್ಲಿ ಮೂರನೇ ಕ್ರಮಾಂಕದಲ್ಲಿ 18 ಎಸೆತಕ್ಕೆ 24 ರನ್ ಮಾಡಿದ. ಆ ಪಂದ್ಯವನ್ನು ಆರ್‌ಸಿಬಿ ಗೆದ್ದದ್ದು ಆರು ರನ್ನಿನಿಂದ. ನವೆಂಬರಿನಲ್ಲಿ ತಂಡದಿಂದ ಬಿಟ್ಟವರ ಪಟ್ಟಿ ಹೊರಬಂತು. ಮಯಂಕ್ ಹೆಸರೂ ಭಾಂಡಗೆ ಹೆಸರೂ ಅದರಲ್ಲಿತ್ತು.