ಗೋಡೆಯ ಥರ್ಮಾಮೀಟರ್ 29 ತೋರಿಸ್ತಿತ್ತು

ಯುಗಾದಿಗೆ ಮುಂಚೆ ಶೆಡ್ ಭರ್ತಿ ಆಗ್ಬೇಕು ಅಂತ ಸಾಹುಕಾರ್ರು ಹಟ ಹಿಡಿದರು. ದಿನಕ್ಕಿಷ್ಟು ಅಂತ ತುಂಬಬೇಕಿದ್ದ ಚಿಪ್ಪು ಅಣಬೆಯ ಹುಲ್ಲಿನ ಚೀಲಗಳೆಲ್ಲ ನಮ್ಮ ದಾವಣಗೆರೆ ಘಟಕದಲ್ಲಿ ಒಂದೇ ಬ್ಯಾಚಿಗೆ ರ್‍ಯಾಕ್ ಏರಿದವು, ಚೀಲಕ್ಕೆ ಚೀಲ ಒತ್ತಿಕೊಂಡು. ವಾರ ತುಂಬುವಷ್ಟರಲ್ಲಿ ಸ್ಪಾನ್ ರನ್ ಕೋಣೆ (ಬೀಜದಿಂದ ಅಣಬೆಯ ಬಿಳಿ ಎಳೆ ಹುಲ್ಲಿಗೆಲ್ಲ ಹಬ್ಬುವ ತನಕ ಚೀಲ ಇಡುವ ಕತ್ತಲೆ ಕೋಣೆ) ಬಾಗಿಲು ತೆಗೆದರೆ ಹುಳಿ ವಾಸನೆ. ಟಾರ್ಚ್ ಬಿಟ್ಟರೆ ನಡುವಿನ ರ್‍ಯಾಕುಗಳಲ್ಲಿ ಹಸಿರು ಬೂಷ್ಟು. ಗೋಡೆ ಮೇಲೆ 29 ಡಿಗ್ರಿ. ಕಡ್ಡಿ ಥರ್ಮಾಮೀಟರನ್ನು ಒಂದು ಚೀಲದ ಹೊಟ್ಟೆಗೆ ಚುಚ್ಚಿದೆವು. ಮುಳ್ಳು 32 ದಾಟಿತು, 34 ದಾಟಿತು, ಇನ್ನೂ ಏರುತ್ತಲೇ ಇತ್ತು, ನಿಂತಿದ್ದು 37ಕ್ಕೆ.

ಬೆಳೆಯುವ ಅಣಬೆ ತಾನೇ ಶಾಖ ಬಿಡುತ್ತದೆ. ಗಾಳಿಯಾಡುವಂತೆ ಇಟ್ಟರೂ ಚೀಲದ ಒಳಗೆ ಕೋಣೆಗಿಂತ ಮೂರು-ನಾಲ್ಕು ಡಿಗ್ರಿ ಹೆಚ್ಚೇ ಇರುತ್ತದೆ. ಒತ್ತಿಟ್ಟರೆ ಆ ಶಾಖಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ. ಚಿಪ್ಪು ಅಣಬೆಗೆ ಬೇಕಾದದ್ದು 24ರಿಂದ 28. ಅದು ಸೊರಗಿದ ಕೂಡಲೇ ಟ್ರೈಕೋಡರ್ಮಾ ಅನ್ನುವ ಆ ಹಸಿರು ಬೂಷ್ಟು ಹುಲ್ಲನ್ನು ಹಿಡಿಯುತ್ತದೆ. ಚೀಲಗಳ ನಡುವೆ ನಾಲ್ಕು ಬೆರಳು ಸಂದು ಬಿಡಿ.

ಮೊದಲು ಎಲ್ಲರೂ ಬೈದದ್ದು ಬೀಜವನ್ನು, ಅಂದರೆ ಅಣಬೆ ಹಬ್ಬಿಸಿದ ಜೋಳದ ಕಾಳನ್ನು. ಬೀಜವೇ ಕೆಟ್ಟಿದ್ದರೆ ಹಸಿರು ಬೂಷ್ಟು ಆ ಕಾಳಿನ ಪದರದಿಂದಲೇ ಶುರುವಾಗಿ ಎಲ್ಲ ಚೀಲಗಳಲ್ಲೂ ಕಾಣಿಸುತ್ತದೆ. ಚೀಲದ ತಳದಲ್ಲಿ ಮಾತ್ರ ಕೊಳೆತಿದ್ದರೆ ನೀರು ಜಾಸ್ತಿ. ಬಾಗಿಲ ಪಕ್ಕದವು ಬೆಳ್ಳಗಿದ್ದು ನಡುವಿನವು ಹಸಿರಾದರೆ ಅದು ಶಾಖದ್ದೇ ಕೆಲಸ.

ಹುಲ್ಲಿನದೂ ಸ್ವಲ್ಪ ಪಾಲಿತ್ತು ಅನ್ನಿ. ಭದ್ರಾ ನಾಲೆ ಕಡೆ ಭತ್ತದ ಹುಲ್ಲಿಗೆ ಬರವಿಲ್ಲ, ಆದರೆ ಮಂಜಿನಲ್ಲಿ ನೆನೆದದ್ದನ್ನೇ ಮಷಿನ್ನಿನಲ್ಲಿ ಪೆಂಡಿ ಕಟ್ಟಿರುತ್ತಾರೆ. ಪೆಂಡಿ ಬಿಚ್ಚಿ ಒಳಗೆ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ದನಕ್ಕೂ ಬೇಡ. ಎರಡು ಅಂಗುಲಕ್ಕೆ ಕತ್ತರಿಸಿ, ರಾತ್ರಿಯಿಡೀ ನೆನೆಸಿ, 80 ಡಿಗ್ರಿ ನೀರಿನಲ್ಲಿ ಒಂದು ತಾಸು ಅನ್ನುವುದು ಎಲ್ಲರಿಗೂ ಬಾಯಿಪಾಠ. ಹುಲ್ಲು ಬಿದ್ದ ಕೂಡಲೇ ಡ್ರಮ್ಮಿನ ನೀರು ತಣಿಯುತ್ತದೆ. ಅದು ಮತ್ತೆ 80 ಮುಟ್ಟಿದ ಮೇಲೆ ಗಡಿಯಾರ ನೋಡಬೇಕು; ನಮ್ಮ ಹುಡುಗರು ಹುಲ್ಲು ಹಾಕಿದಾಗಿಂದಲೇ ಎಣಿಸುತ್ತಿದ್ದರು. ಆಮೇಲೆ ಬಸಿದು, ಆರಿಸಿ, ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ಬೀಳಬಾರದು.

ಶೆಡ್ ಕಟ್ಟುವ ಮುಂಚೆ ಈ ಲೆಕ್ಕ ಮಾಡಿ. ಒಂದು ಕೆಜಿ ಒಣಹುಲ್ಲಿಗೆ ಎಲ್ಲ ಫ್ಲಶ್ (ಕೊಯ್ಲಿನ ಸರದಿ) ಸೇರಿ 600 ಗ್ರಾಂ ಹಸಿ ಅಣಬೆ ಅಂತ ಹಿಡಿಯಿರಿ. ದಿನಕ್ಕೆ 10 ಕೆಜಿ ಮಾಲು ಬೇಕೆಂದರೆ ಕೆಜಿ ಹುಲ್ಲಿನ 17 ಚೀಲ ದಿನಾ ತುಂಬಬೇಕು. ಸ್ಪಾನ್ ರನ್ 20 ದಿನ, ಅಂದರೆ ಕತ್ತಲೆ ಕೋಣೆಯಲ್ಲಿ 340 ಚೀಲ. ಕೊಯ್ಲಿನ ಕೋಣೆಯಲ್ಲಿ 35 ದಿನ, ಅಲ್ಲಿ ಸುಮಾರು 600. ಒಂದೇ ದಿನ ತುಂಬಿದರೆ ಕೊಯ್ಲೂ ಒಟ್ಟಿಗೇ ಬರುತ್ತದೆ, ಫ್ರಿಜ್ ಇಲ್ಲದಿದ್ದರೆ ಹಸಿ ಮಾಲು ಮಾರನೇ ದಿನಕ್ಕೆ ಸೊರಗುತ್ತದೆ. ಹೋಟೆಲಿನವರು ಕೇಳುವುದು ಬಟನ್, ಚಿಪ್ಪಿಗೆ ಗಿರಾಕಿ ನಾವೇ ಹುಡುಕಬೇಕು. ಮಿಕ್ಕಿದ್ದನ್ನು ಒಣಗಿಸಿದರೆ ಹತ್ತು ಕೆಜಿಗೆ ಒಂದು ಕೆಜಿ.

ನಮ್ಮ ಬಯಲುಸೀಮೆಯಲ್ಲಿ, ಚಿತ್ರದುರ್ಗದ ಕಡೆಯೂ ಅಷ್ಟೇ, ಮಾರ್ಚ್‌ನಿಂದ ಮೇ ತನಕ ಹಾಲು ಅಣಬೆಗೆ ಹೊರಳುವುದು ವಾಸಿ. ಅದಕ್ಕೆ 30ರಿಂದ 35 ಡಿಗ್ರಿಯೇ ಹಿತ, ಕೊಯ್ದ ಮೇಲೆ ತಾಳಿಕೆಯೂ ಜಾಸ್ತಿ. ಹುಲ್ಲಿನ ಮೇಲೆ ಹೊದಿಸುವ ಕೇಸಿಂಗ್ ಮಣ್ಣು ಬೇಯಿಸುವ ಕೆಲಸ ಮಾತ್ರ ಹೆಚ್ಚುವರಿ. ಅದರಲ್ಲಿ ಸೋಮಾರಿತನ ಮಾಡಿದರೆ ಬೂಷ್ಟು ಮೇಲಿಂದ ಇಳಿಯುತ್ತದೆ.

ಹಸಿರಾದ ಚೀಲವನ್ನು ಕೋಣೆಯೊಳಗೆ ಬಿಚ್ಚಲೇಬೇಡಿ, ಪುಡಿ ಹಾರಿ ಮುಂದಿನ ಬ್ಯಾಚಿಗೂ ಹತ್ತುತ್ತದೆ. ಬಾಯಿ ಬಿಗಿದು ಹಾಗೇ ಹೊರಗೆ ಒಯ್ದು, ಶೆಡ್ಡಿನಿಂದ ದೂರ ಹೂಳಬೇಕು.

“ಎಸಿ ಹಾಕ್ಸಿದ್ರೆ ಆಗಲ್ವೇನಪ್ಪಾ?” ಅಂದರು ಸಾಹುಕಾರ್ರು. ಕೊಯ್ಲಿನ ಕೋಣೆಯಲ್ಲಿ ತೇವ ಶೇ. 80-85 ಇರಬೇಕು, ಎಸಿ ಅದನ್ನೇ ಹೀರುತ್ತದೆ. ಎಸಿಗೋಸ್ಕರ ಕಿಟಕಿ ಮುಚ್ಚಿದರೆ ಗಾಳಿಯಿಲ್ಲದೆ ಕಾಂಡ ಉದ್ದವಾಗಿ ಟೊಪ್ಪಿಗೆ ಚಿಕ್ಕದಾಗುತ್ತದೆ. ಸಾಹುಕಾರ್ರೇ, ಸದ್ಯಕ್ಕೆ ಕಿಟಕಿಗೆ ಒದ್ದೆ ಗೋಣಿ, ತಗಡಿನ ಮೇಲೆ ತೆಂಗಿನ ಗರಿ, ಮತ್ತೆ ಇನ್ನೆರಡು ಕಡ್ಡಿ ಥರ್ಮಾಮೀಟರ್ ಕೊಡಿಸಿ ಅಂದೆವು. ಎಸಿ ಕೊಟೇಶನ್ ಅದೇ ಸಂಜೆ ಬಂತು. ಥರ್ಮಾಮೀಟರ್ ಚೀಟಿಗೆ ಇನ್ನೂ ಸಹಿ ಬಿದ್ದಿಲ್ಲ.